ಮನೆ ಶೆಡ್‌ನಲ್ಲಿ ಬಿಚ್ಚಿ ಕಟ್ಟೋಕೆ ಹಳೇ ಸಿಟಿ ವಿಟೆಕ್ ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನರ್ ಹಿಡಿಯೋ ಚಟ ಇದ್ದು, ಎರಡು ಲಕ್ಷದೊಳಗೆ ಒಂದು ಚುರುಕು ಕಾರು ಬೇಕು ಅನ್ನುವವರು 2000ದಿಂದ 2003ರವರೆಗೆ ಬಂದ ಹೋಂಡಾ ಸಿಟಿ 1.5 ವಿಟೆಕ್ ಹುಡುಕಿ. ಆದರೆ ಇಂಜಿನ್ ಸದ್ದಿಗೆ ಮರುಳಾಗಿ ಬಾಡಿ ನೋಡದೆ ಅಡ್ವಾನ್ಸ್ ಕೊಟ್ಟರೆ ಕೆಟ್ಟಿರಿ. ಈ ಗಾಡಿಯಲ್ಲಿ ದುಡ್ಡು ತಿನ್ನೋದು ರಬ್ಬರು ಮತ್ತು ತಗಡು. ಇಂಜಿನ್ ಪಾಪ, ಕಡಿಮೆಯಲ್ಲೇ ಮುಗಿಸುತ್ತದೆ.

ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರ. ಮನೆ ಪಕ್ಕ ಶೀಟ್ ಹಾಕಿದ ಶೆಡ್ ಇದೆ. ಭಾನುವಾರಗಳು ಅಲ್ಲೇ ಕಳೆಯುತ್ತವೆ. ನನ್ನದು 2001ರ ಗಾಡಿ, ಭದ್ರಾವತಿಯ ಒಬ್ಬ ನಿವೃತ್ತರಿಂದ ತಗೊಂಡಿದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ, ಆಮೇಲೆ ಏನೂ ಇಲ್ಲ. ಅಂದರೆ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ರಬ್ಬರು ಗಟ್ಟಿಯಾಗಿದೆ ಅಂತ ಲೆಕ್ಕ. ಪಿಸ್ಟನ್ ರಿಂಗ್ ಹೋಗಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬರುತ್ತಿತ್ತು. ಸಿಲಿಂಡರ್ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿದರೆ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಸಮ. ಅಲ್ಲಿಗೆ ಸಿಲಿಂಡರ್ ಕೊರೆಸುವ ಬೋರಿಂಗ್ ಖರ್ಚು ಉಳಿಯಿತು. ಕೂಲಂಟ್ ಮಾತ್ರ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಇಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಕೂರೋ ಹೆಡ್ ಗ್ಯಾಸ್ಕೆಟ್ ಮೇಲೆ ನನಗೆ ಅವತ್ತೇ ಅನುಮಾನ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1493 ಸಿಸಿ, 106 ಬಿಎಚ್‌ಪಿ. ಆ ಕಾಲಕ್ಕೆ ಆ ದುಡ್ಡಿಗೆ ಅದು ಜಾಸ್ತಿಯೇ. 2003ರಲ್ಲಿ ಇದರ ಜಾಗಕ್ಕೆ ಬಂದ ಐ-ಡಿಎಸ್‌ಐ ಸಿಟಿಯಲ್ಲಿ 77 ಬಿಎಚ್‌ಪಿ ಅಷ್ಟೇ. ಮೈಲೇಜ್ ಕೇಳುವವರಿಗೆ ಅದು ಸರಿ, ನಮ್ಮಂಥವರಿಗೆ ಹೊಟ್ಟೆ ಉರಿ. ವಿಟೆಕ್ ಅಂದರೆ ವೇಗ ಏರಿದಾಗ ವಾಲ್ವ್‌ಗಳನ್ನು ಇನ್ನೂ ಹೆಚ್ಚು ತೆರೆಯೋ ಹೋಂಡಾದ ವ್ಯವಸ್ಥೆ. ಅದು ಕೆಲಸ ಮಾಡೋದು ಹೀಗೆ: ಪ್ರತಿ ಸಿಲಿಂಡರ್‌ಗೆ ಗಾಳಿ ಒಳಬರುವ ಇನ್‌ಟೇಕ್ ಕಡೆ ಮೂರು ರಾಕರ್ (ವಾಲ್ವ್ ಒತ್ತುವ ಸನ್ನೆ) ಇರುತ್ತವೆ. ನಿಧಾನವಾಗಿ ಓಡಿಸುವಾಗ ಅಕ್ಕಪಕ್ಕದ ಎರಡು ಮಾತ್ರ ವಾಲ್ವ್ ಒತ್ತುತ್ತವೆ. ಆರ್‌ಪಿಎಂ ಏರಿದಾಗ ಸೊಲೆನಾಯ್ಡ್ ಅನ್ನೋ ವಿದ್ಯುತ್ ಕವಾಟ ತೆರೆದು, ಆಯಿಲ್ ಪ್ರೆಷರ್ ಒಂದು ಪಿನ್ನನ್ನು ತಳ್ಳಿ, ಮೂರನ್ನೂ ಒಟ್ಟಿಗೆ ಲಾಕ್ ಮಾಡುತ್ತದೆ. ಆಗ ನಡುವಿನ ದೊಡ್ಡ ಕ್ಯಾಮ್‌ನದೇ ರಾಜ್ಯ. ಎಲ್ಲ ಆಯಿಲ್ ಮೇಲೆ ನಿಂತಿರೋ ಆಟ.

ಅದಕ್ಕೇ ಕೊಳ್ಳುವ ಮುಂಚೆ ನೋಡಬೇಕಾದ ಮೊದಲ ಜಾಗ ಆ ಸೊಲೆನಾಯ್ಡ್. ಹೆಡ್‌ಗೆ ಬೋಲ್ಟ್ ಮಾಡಿರುತ್ತಾರೆ. ಬಿಚ್ಚಿದರೆ ಹಿಂದೆ ಒಂದು ಗ್ಯಾಸ್ಕೆಟ್, ಅದರ ನಡುವೆ ಉಗುರಗಲದ ಸಣ್ಣ ಜಾಲರಿ. ನನ್ನ ಗಾಡಿಯದು ತಾರಿನಂಥ ಕಪ್ಪು ಅಂಟಿನಿಂದ ಪೂರ್ತಿ ಮುಚ್ಚಿತ್ತು. ಹಿಂದಿನವರು ಅದನ್ನು ಮನೆಯಿಂದ ಮಾರ್ಕೆಟ್‌ಗೆ ಮಾತ್ರ ಓಡಿಸಿದವರು. ವಿಟೆಕ್ ಕೆಲಸ ಮಾಡೋದನ್ನು ಎಷ್ಟೋ ವರ್ಷದಿಂದ ಬಿಟ್ಟಿದ್ದರೂ ಅವರಿಗೆ ಗೊತ್ತೇ ಆಗಿಲ್ಲ. ಗ್ಯಾಸ್ಕೆಟ್ ಬದಲಿಸಿ, ಆಯಿಲ್ ಹೊಸದು ಹಾಕಿದ್ದಕ್ಕೆ 106ರಲ್ಲಿ ಕಾಣೆಯಾಗಿದ್ದ ಪಾಲು ವಾಪಸ್ ಬಂತು. ಯಾವ ಫ್ರೀ ಫ್ಲೋ ಸೈಲೆನ್ಸರ್ ಕೂಡ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಕೊಡಲ್ಲ.

ಇಂಜಿನ್ ಬಗ್ಗೆ ನನಗಿರೋ ದೊಡ್ಡ ಮೆಚ್ಚುಗೆ, ಅದು ಮನೆಯಲ್ಲಿ ಕಲಿಯುವವರಿಗೆ ಜಾಗ ಕೊಡುತ್ತದೆ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು ಸರಿಮಾಡೋದು ತಗೊಳ್ಳಿ. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಅದಕ್ಕೆ ಕೈ ಹಾಕೋ ಹಾಗೇ ಇಲ್ಲ. ಇಲ್ಲಿ ಹೆಡ್ ಕವರ್ ತೆಗೆದರೆ ಸ್ಕ್ರೂ, ಅದರ ಮೇಲೆ 10 ನಂಬರ್ ನಟ್. ಒಂದು ರಿಂಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಸಂದು ಅಳೆಯೋ ತೆಳು ತಗಡುಗಳ ಒಂದು ಫೀಲರ್ ಗೇಜ್ ಸಾಕು. ಇನ್‌ಟೇಕ್‌ಗೆ 0.20 ಮಿ.ಮೀ., ಎಕ್ಸಾಸ್ಟ್‌ಗೆ 0.25. ಗೇಜ್‌ನ ತಗಡು ಹಿಂದೆ ಮುಂದೆ ಎಳೆದಾಗ ತುಸು ಹಿಡಿದಂತಾಗಬೇಕು, ಆದರೆ ಬಾಗಬಾರದು. ನಟ್ ಟೈಟ್ ಮಾಡುವಾಗ ಸ್ಕ್ರೂ ಕೂಡ ಸ್ವಲ್ಪ ತಿರುಗಿಬಿಡುತ್ತದೆ, ಆಮೇಲೆ ಮತ್ತೆ ಗೇಜ್ ಹಾಕಿ ನೋಡಲೇಬೇಕು. ಇಂಜಿನ್ ತಣ್ಣಗಿರಬೇಕು, ಹೆಡ್ 38 ಡಿಗ್ರಿಗಿಂತ ಕೆಳಗೆ. ಏಪ್ರಿಲ್ ಮಧ್ಯಾಹ್ನ ನಮ್ಮ ಶೆಡ್‌ನಲ್ಲಿ ಗಾಳಿಯೇ ಅಷ್ಟಿರುತ್ತದೆ! ಹಾಗಾಗಿ ಈ ಕೆಲಸ ಬೆಳಿಗ್ಗೆ ಕಾಫಿಗೂ ಮುಂಚೆ.

ಇನ್ನೊಂದು ಸ್ವಭಾವ ನೆನಪಿರಲಿ. ಈ ಇಂಜಿನ್ ಉಲ್ಟಾ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಎದುರು ದಿಕ್ಕು. ಬೇರೆ ಕಾರು ಬಿಚ್ಚಿ ಅಭ್ಯಾಸ ಇರುವವರ ಕೈ ತಾನಾಗೇ ಬಲಕ್ಕೆ ಹೋಗುತ್ತದೆ. ಪುಲ್ಲಿ ಬೋಲ್ಟ್ ಅಂತೂ ವರ್ಷ ಕಳೆದಷ್ಟೂ ಬಿಗಿಯಾಗುತ್ತಲೇ ಹೋಗುವ ಜಾತಿ. ಉದ್ದ ಪೈಪ್ ಸಿಕ್ಕಿಸಿ ನೇತಾಡುವ ಬದಲು ಟೈರ್ ಅಂಗಡಿಯವರಿಂದ ಇಂಪ್ಯಾಕ್ಟ್ ಗನ್ ಬಾಡಿಗೆಗೆ ತನ್ನಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ, ಹಾಕಿಲ್ಲ ಅಂತಲೇ ಇಟ್ಟುಕೊಳ್ಳಿ. ಬೆಲ್ಟ್ ಕಿತ್ತರೆ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆಯುತ್ತವೆ, ಆಮೇಲೆ ಹೆಡ್ ಕಥೆ ಮುಗಿದಂತೆ. ಅಷ್ಟು ಬಿಚ್ಚಿದ ಮೇಲೆ ವಾಟರ್ ಪಂಪ್ ಹಳೇದನ್ನೇ ಬಿಡೋದು ಜಿಪುಣತನ.

ಹೆಡ್ ವಿಷಯಕ್ಕೆ ಬರೋಣ. ನನ್ನ ಅನುಮಾನ ಸರಿ ಇತ್ತು, ಗ್ಯಾಸ್ಕೆಟ್ ಸೋತಿತ್ತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೆಡ್ ಹೊತ್ತುಕೊಂಡು ಹೋದೆ. ಮೊದಲ ಅಂಗಡಿಯಲ್ಲಿ ಹೆಡ್ ಮೇಜಿನ ಮೇಲೆ ಇಡೋ ಮುಂಚೆಯೇ ಪ್ರಶ್ನೆ: "ಎಷ್ಟು ಫೇಸಿಂಗ್ ಹೊಡೀಲಿ ಸರ್?" ಫೇಸಿಂಗ್ ಅಂದರೆ ಹೆಡ್‌ನ ತಳ ಕೆರೆದು ಸಮತಟ್ಟು ಮಾಡೋದು. ಅಳತೆಯೇ ಮಾಡದೆ ಎಷ್ಟು ಹೊಡೀಲಿ ಅಂದರೆ ಏನರ್ಥ? ಹೆಡ್ ಎತ್ತಿಕೊಂಡು ಪಕ್ಕದ ಸಾಲಿಗೆ ಹೋದೆ. ಅಲ್ಲಿದ್ದವರು ವಯಸ್ಸಾದವರು, ಮಾತು ಕಡಿಮೆ. ಮರಳು ಕಾಗದದಿಂದ ಹಳೇ ಗ್ಯಾಸ್ಕೆಟ್ ಉಜ್ಜಬೇಡಿ ಅಂತ ಮೊದಲು ಬೈದರು, ಅದನ್ನು ಉಜ್ಜಿದ್ದು ಯಾರೋ ಹಿಂದಿನ ಮೆಕ್ಯಾನಿಕ್. ಆಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ತೂರಿಸಿ ನೋಡಿದರು. ಹೋಂಡಾ ಲೆಕ್ಕದಲ್ಲಿ 0.05 ಮಿ.ಮೀ. ಒಳಗಿದ್ದರೆ ಮುಟ್ಟುವ ಹಾಗಿಲ್ಲ. ತಲೆಕೂದಲಿಗಿಂತ ತೆಳು ಅದು. ಅಲ್ಲಿಂದ 0.20ರವರೆಗೆ ಫೇಸಿಂಗ್ ಮಾಡಬಹುದು. ನನ್ನದು ಒಂದು ಮೂಲೆಯಲ್ಲಿ 0.08. "ಲೈಟಾಗಿ ಒಂದು ಕಟ್ ಸಾಕು. ಜಾಸ್ತಿ ತೆಗೆದ್ರೆ ನಾಳೆ ಇನ್ನೊಂದ್ಸಲ ತೆಗೆಯೋಕೆ ಏನೂ ಇರಲ್ಲ" ಅಂದರು. ವಾಲ್ವ್ ಉಜ್ಜಿ ಸರಿಯಾಗಿ ಕೂರಿಸೋ ಲ್ಯಾಪಿಂಗ್, ಹೊಸ ಸೀಲ್ ಎಲ್ಲ ಅವರ ಕೈಯಲ್ಲೇ ಮಾಡಿಸಿದೆ. ಬಿಲ್ ಹಿಂದೆ ಅಳತೆ ಬರೆದುಕೊಟ್ಟರು. ಲೇತ್ ಅಂಗಡಿ ಹೇಗೆ ಆರಿಸೋದು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೊದಲು ಅಳೆಯುವವರ ಹತ್ತಿರ ಹೋಗಿ.

ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ರೆಂಚ್ ಇಲ್ಲದೆ ಈ ಹೆಡ್ ಕೂರಿಸಬೇಡಿ. ನಡುವಿನಿಂದ ಶುರುಮಾಡಿ ಹೊರಗೆ, ಹಂತ ಹಂತವಾಗಿ ಬಿಗಿ ಮಾಡಬೇಕು. "ಕೈಗೆ ಗೊತ್ತಾಗುತ್ತೆ ಸರ್" ಅನ್ನುವವರ ಕೈಗೆ ಗೊತ್ತಾಗೋದು ಬೋಲ್ಟ್ ಮುರಿದ ಮೇಲೆ. ಅರ್ಧ ಇಂಚಿನ ಕ್ಲಿಕ್ ರೆಂಚ್ ಒಂದು ಇದ್ದರೆ ಹೆಡ್‌ಗೂ ಆಯಿತು, 108 ಎನ್‌ಎಂ (ನ್ಯೂಟನ್ ಮೀಟರ್) ಬೇಕಾಗುವ ವೀಲ್ ನಟ್‌ಗೂ ಆಯಿತು. ಸ್ಪಾರ್ಕ್ ಪ್ಲಗ್‌ಗೆ ಬರೀ 18 ಎನ್‌ಎಂ, ದೊಡ್ಡ ರೆಂಚ್ ಅಷ್ಟು ಕೆಳಗೆ ನಂಬಿಕೆಗೆ ಬರಲ್ಲ. ಚಿಕ್ಕದು ಬೇರೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲ ಮಾಡಿ ಪೆಟ್ಟಿಗೆಗೆ ಹಾಕಿ.

ಪಾರ್ಟ್ಸ್‌ಗೆ ಬೆಂಗಳೂರಿನ ಜೆ.ಸಿ. ರೋಡೇ ಗತಿ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ ಇರೋ ಅಂಗಡಿಗಳಲ್ಲಿ ಸಿಗದ್ದು ಕಡಿಮೆ. ಆದರೆ ಪಾರ್ಟ್ ನಂಬರ್ ಬರೆದುಕೊಂಡೇ ಹೋಗಬೇಕು. "ಸಿಟಿದು ಕೊಡಿ" ಅಂದರೆ ಯಾವ ಸಿಟಿದೋ ಕೈಗೆ ಬರುತ್ತದೆ. ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಕೊಟ್ಟ ಗ್ಯಾಸ್ಕೆಟ್ ಸೆಟ್ ಅಲ್ಲೇ ಬಿಚ್ಚಿ ನೋಡಿದೆ. ಡಬ್ಬದ ಪ್ರಿಂಟ್ ಚೆನ್ನಾಗಿತ್ತು, ಒಳಗಿನ ತೂತುಗಳು ಹಳೇ ಗ್ಯಾಸ್ಕೆಟ್ ಜೊತೆ ಕೂರಲೇ ಇಲ್ಲ. ಹಳೇದನ್ನು ಜೊತೆಗೆ ಒಯ್ಯೋದು ಅದಕ್ಕೇ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಬಗ್ಗೆಯೂ ಒಂದು ಮಾತು. ಕ್ಯಾಪ್ ತೆಗೆದಾಗ ಒಳಗೆ ಕಂದು ಪುಡಿ ಕಂಡರೆ ಬೇರಿಂಗ್ ಹೋಗುತ್ತಿದೆ ಅಂತ. ಗುಜರಿಯಲ್ಲಿ ಸೆಕೆಂಡ್ಸ್ ಹುಡುಕೋಕೆ ಅವತ್ತಿಂದಲೇ ಶುರುಮಾಡಿ.

ಇನ್ನು ಬೈಗುಳ. ಮಲೆನಾಡಿನ ಮಳೆ ಈ ಗಾಡಿಯ ತಗಡಿಗೆ ಆಗಿಬರಲ್ಲ. ಬಾಗಿಲ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ನೀರು ಒಳಗೆ ಇಳಿದು ಮ್ಯಾಟ್ ಕೆಳಗೆ ನಿಲ್ಲುತ್ತದೆ. ಮ್ಯಾಟ್ ಎತ್ತಿದರೆ ನೆಲದ ತಗಡು ಬಿಸ್ಕತ್ತು. ಹಿಂದಿನ ಚಕ್ರದ ಮೇಲಿನ ಕಮಾನು ಒತ್ತಿ ನೋಡಿ, ಪೇಂಟ್ ಕೆಳಗೆ ಪುಟ್ಟಿ ಇದ್ದರೆ ಗೊತ್ತಾಗುತ್ತದೆ. ಟಿಂಕರಿಂಗ್ ಮತ್ತು ಪೇಂಟ್‌ಗೆ ನಾನು ಕೊಟ್ಟಿದ್ದು ಇಂಜಿನ್‌ಗೆ ಕೊಟ್ಟಿದ್ದರ ದುಪ್ಪಟ್ಟಿಗಿಂತ ಜಾಸ್ತಿ. ಇಂಜಿನ್ ಮೌಂಟ್, ಲೋಯರ್ ಆರ್ಮ್ ಬುಷ್, ಕೂಲಂಟ್ ಹೋಸ್, ಎಲ್ಲ ರಬ್ಬರೇ. ಒಂದು ಹಾಕಿದರೆ ಪಕ್ಕದ್ದು ಸದ್ದು ಮಾಡೋಕೆ ಶುರು. ಈಗ ಬಂಕ್‌ಗಳಲ್ಲಿ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬೇರೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ. ಹಳೇ ಫ್ಯುಯೆಲ್ ಹೋಸ್‌ಗಳನ್ನು ಒಂದನ್ನೂ ಬಿಡದೆ ಬದಲಿಸಿದೆ. ನೆಲಕ್ಕೆ ಎತ್ತರವೂ ಕಡಿಮೆ, ನಮ್ಮ ಊರಿನ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತದೆ.

ಹಾಗಿದ್ದರೂ ಯಾಕೆ ಇಟ್ಟುಕೊಂಡಿದ್ದೇನೆ? ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಿ, ಕೆಳಗಿನ ಸೋಮೇಶ್ವರದಿಂದ ಘಾಟಿ ಹತ್ತಿ ನೋಡಿ. 14 ತಿರುವುಗಳು. ತಿರುವಿನಲ್ಲಿ ಎರಡನೇ ಗೇರ್, ಸ್ಟೀರಿಂಗ್ ಹಗುರ, ನೇರ ಸಿಕ್ಕ ತುಂಡು ದಾರಿಯಲ್ಲಿ ಸೂಜಿ ಏರುತ್ತಿದ್ದಂತೆ ಇಂಜಿನ್ ದನಿಯೇ ಬದಲಾಗುತ್ತದೆ. ಈಗಿನ ಟರ್ಬೊ ಕಾರುಗಳು ಇದಕ್ಕಿಂತ ಬೇಗ ಹತ್ತುತ್ತವೆ, ಒಪ್ಪುತ್ತೇನೆ. ಆದರೆ ಅವಕ್ಕೆ ಈ ದನಿ ಇಲ್ಲ. ಗೇರ್ ಕೂಡ ಬೆಣ್ಣೆ. ಒಂದೇ ಷರತ್ತು, ಗೇರ್‌ಬಾಕ್ಸ್‌ಗೆ ಹೋಂಡಾದ ಎಂಟಿಎಫ್ (ಮ್ಯಾನುವಲ್ ಗೇರ್‌ಬಾಕ್ಸ್‌ನ) ಆಯಿಲೇ ಹಾಕಬೇಕು. ಗ್ಯಾರೇಜ್‌ಗಳಲ್ಲಿ ಸುಮ್ನೆ 80ಡಬ್ಲ್ಯೂ-90 ಅನ್ನೋ ದಪ್ಪ ಗೇರ್ ಆಯಿಲ್ ಸುರಿದುಬಿಡುತ್ತಾರೆ, ಆಮೇಲೆ ಬೆಳಿಗ್ಗೆ ಮೊದಲ ಗೇರ್ ಹಾಕೋಕೆ ಕುಸ್ತಿ. ನನ್ನ ಹೆಂಡತಿ ಮಾತ್ರ ಘಾಟಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾಳೆ. "ಬ್ಯಾಂಕಲ್ಲಿ ಇಷ್ಟು ಸ್ಪೀಡಾಗಿ ಕೆಲಸ ಮಾಡಿದ್ರೆ ಮ್ಯಾನೇಜರ್ ಆಗ್ತಿದ್ರಿ" ಅನ್ನೋದು ಅವಳ ರಿವ್ಯೂ.

ಕೊಳ್ಳುವ ಯೋಚನೆ ಇರುವವರು ಆರ್‌ಸಿ ಲೆಕ್ಕವನ್ನೂ ಸೇರಿಸಿಕೊಳ್ಳಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನೀವಲ್, ಜೊತೆಗೆ ಹಸಿರು ತೆರಿಗೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ರಿನೀವಲ್ ಶುಲ್ಕವೇ 10,000 ರೂಪಾಯಿ. ಮಾರುವವರು "ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಿದೆ" ಅಂದರೆ ಯಾವ ತಾರೀಕಿನವರೆಗೆ ಅಂತ ಕೇಳಿ. ಬಾನೆಟ್ ಎತ್ತಿ ಇಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಬದಲಾಗಿದ್ದು ಕಾಗದಕ್ಕೆ ಇನ್ನೂ ಗೊತ್ತಿರುವುದಿಲ್ಲ, ಆ ತಲೆನೋವು ಆರ್‌ಟಿಒ ಕೌಂಟರ್‌ನಲ್ಲಿ ನಿಮ್ಮದಾಗುತ್ತದೆ.