ಭಾಷೆ ಕಲಿಯುವವರಿಗೆ ಓದುಪಾಠ: ಎಐ ಬಳಸುವ ಮೂರು ವಿಧಾನಗಳ ಹೋಲಿಕೆ

ಹೊಸ ಭಾಷೆ ಕಲಿಯುತ್ತಿರುವ ವಯಸ್ಕರಿಗೆ ಓದಲು ಏನು ಕೊಡಬೇಕು ಎಂಬುದು ಕಲಿಸುವವರ ಹಳೆಯ ತಲೆನೋವು. ಮಕ್ಕಳ ಪುಸ್ತಕದ ಭಾಷೆ ಎಟುಕುತ್ತದೆ, ವಿಷಯ ರುಚಿಸುವುದಿಲ್ಲ. ಪತ್ರಿಕೆಯ ವಿಷಯ ರುಚಿಸುತ್ತದೆ, ಭಾಷೆ ಎಟುಕುವುದಿಲ್ಲ. ಈ ಕೊರತೆ ನೀಗಲು ನಾನು ಎಐ ಚಾಟ್‌ಬಾಟ್‌ಗಳನ್ನು ಮೂರು ರೀತಿಯಲ್ಲಿ ಬಳಸಿ ನೋಡಿದ್ದೇನೆ: ಮಟ್ಟ ಹೇಳಿ ಹೊಸ ಕಥೆ ಬರೆಸುವುದು, ಪದಪಟ್ಟಿ ಕೊಟ್ಟು ಅದರ ಮಿತಿಯಲ್ಲಿ ಬರೆಸುವುದು, ಈಗಾಗಲೇ ಇರುವ ಒಳ್ಳೆಯ ಬರಹವನ್ನು ಸರಳಗೊಳಿಸಲು ಹೇಳುವುದು.

ಅಳತೆಗೋಲಾಗಿ ಇಟ್ಟುಕೊಂಡದ್ದು ಭಾಷಾಕಲಿಕೆಯ ಸಂಶೋಧಕರಾದ ಮಾರ್ಸೆಲ್ಲಾ ಹೂ ಮತ್ತು ಪಾಲ್ ನೇಷನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿ. ನಿಘಂಟಿನ ನೆರವಿಲ್ಲದೆ ಕಥೆ ಅರ್ಥವಾಗಬೇಕಾದರೆ ಅದರ ಸುಮಾರು ಶೇ. 98ರಷ್ಟು ಪದಗಳು ಓದುಗರಿಗೆ ಗೊತ್ತಿರಬೇಕು. 200 ಪದಗಳ ಪುಟದಲ್ಲಿ ನಾಲ್ಕು ಹೊಸ ಪದ, ಅಷ್ಟೇ.

ಮೊದಲನೆಯ ವಿಧಾನ ಅತ್ಯಂತ ಸುಲಭ, ಅತ್ಯಂತ ದುರ್ಬಲ ಕೂಡ. ‘ಎ2 ಮಟ್ಟದ ಕಥೆ ಬರೆ’ ಎಂದರೆ ಕ್ಷಣದಲ್ಲಿ ಕಥೆ ಸಿದ್ಧ. ಆದರೆ ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಎ1ರಿಂದ (ತೀರಾ ಆರಂಭಿಕ) ಸಿ2ವರೆಗಿನ (ಅತಿ ಮೇಲಿನ) ಆ ಆರು ಭಾಷಾ ಮಟ್ಟಗಳು ಕಲಿಯುವವರು ಏನು ಮಾಡಬಲ್ಲರು ಎಂಬುದನ್ನು ವಿವರಿಸುತ್ತವೆಯೇ ಹೊರತು ಪದಗಳನ್ನು ಪಟ್ಟಿ ಮಾಡುವುದಿಲ್ಲ. ಹೀಗಾಗಿ ಎಐ ಅಂದಾಜಿನ ಮೇಲೆ ಬರೆಯುತ್ತದೆ. ಮೊದಲ ಪ್ಯಾರಾ ಸರಳವಾಗಿದ್ದರೆ ಮೂರನೆಯದರ ಹೊತ್ತಿಗೆ ಮಟ್ಟ ಮೇಲೇರಿರುತ್ತದೆ. ಕಥೆಗಳೂ ಒಂದೇ ಅಚ್ಚಿನವು: ಯಾರೋ ಏನನ್ನೋ ಕಳೆದುಕೊಳ್ಳುತ್ತಾರೆ, ಅಪರಿಚಿತರೊಬ್ಬರು ನೆರವಾಗುತ್ತಾರೆ, ಕೊನೆಗೊಂದು ನೀತಿ. ಮುಂದೇನಾಯಿತು ಎಂಬ ಕುತೂಹಲವೇ ಹುಟ್ಟದ ಕಥೆಯನ್ನು ಪರಭಾಷೆಯಲ್ಲಿ ಕಷ್ಟಪಟ್ಟು ಯಾರು ಓದುತ್ತಾರೆ?

ಪದಪಟ್ಟಿಯ ವಿಧಾನ ತೀರಾ ಹೊಸಬರಿಗೆ ಒಳ್ಳೆಯದು. ಅವರಿಗೆ ಗೊತ್ತಿರುವ ಪದಗಳೇ ಕಡಿಮೆ. ಅಷ್ಟರಲ್ಲೇ ಒಂದು ಪುಟ ಹೆಣೆಯುವುದು ಕಲಿಸುವವರಿಗೂ ಬೆವರಿಳಿಸುವ ಕೆಲಸ. ಎಐ ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ, ಅಲ್ಲಲ್ಲಿ ಪಟ್ಟಿಯ ಹೊರಗಿನ ಪದಗಳು ನುಸುಳುತ್ತವೆ. ‘ಹೊರಗಿನ ಪದಗಳನ್ನು ಗುರುತಿಸು’ ಎಂದು ಅದನ್ನೇ ಕೇಳಿದರೆ ಕೆಲವನ್ನು ಬಿಟ್ಟುಬಿಡುತ್ತದೆ. ಪಠ್ಯವನ್ನು ಅದು ಪದಗಳಾಗಿ ನೋಡದೆ ಟೋಕನ್ ಎಂಬ ತುಣುಕುಗಳಾಗಿ ನೋಡುವುದರಿಂದ ಎಣಿಕೆ, ತಪಾಸಣೆಗಳನ್ನು ಅದಕ್ಕೆ ವಹಿಸಬಾರದು. ಇಂಗ್ಲಿಷ್ ಪಠ್ಯವಾದರೆ ಲಾರೆನ್ಸ್ ಆಂಟನಿ ರೂಪಿಸಿದ ಆಂಟ್‌ವರ್ಡ್‌ಪ್ರೊಫೈಲರ್ ಎಂಬ ಉಚಿತ ತಂತ್ರಾಂಶ ಈ ತಾಳೆ ನೋಡುವ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತದೆ.

ಕನ್ನಡ, ತುರ್ಕಿ, ಫಿನ್ನಿಷ್‌ನಂತೆ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಭಾಷೆಗಳಲ್ಲಿ ಪಟ್ಟಿಯೊಂದೇ ಸಾಲದು. ಪಟ್ಟಿಯಲ್ಲಿ ‘ಹೋಗು’ ಇದೆ ಎಂದು ಎಐ ‘ಹೋಗಬೇಕಾಗಿದ್ದುದರಿಂದ’ ಎಂದು ಬರೆದರೆ ನಿಯಮ ಮುರಿದಂತಾಗಲಿಲ್ಲ, ಆದರೆ ಕಲಿಯುವವರು ಅಲ್ಲೇ ಮುಗ್ಗರಿಸುತ್ತಾರೆ. ಯಾವ ಕಾಲ, ಯಾವ ವಿಭಕ್ತಿ ಬಳಸಬಹುದು ಎಂಬುದನ್ನೂ ಪಟ್ಟಿಯ ಜೊತೆಗೆ ಹೇಳಬೇಕು. ಪ್ರತಿ ಹೊಸ ಪದವೂ ಬೇರೆ ಬೇರೆ ವಾಕ್ಯಗಳಲ್ಲಿ ಹಲವು ಬಾರಿ ಬರಲಿ ಎಂದೂ ಹೇಳಬೇಕು. ಇಲ್ಲವಾದರೆ ಎಐ ಪುನರುಕ್ತಿ ತಪ್ಪಿಸಲು ಸಮಾನಾರ್ಥಕಗಳನ್ನು ಹುಡುಕುತ್ತದೆ. ಕಲಿಯುವವರಿಗೆ ಬೇಕಾದದ್ದೇ ಆ ಪುನರುಕ್ತಿ.

ಮಧ್ಯಮ ಮಟ್ಟದಿಂದ ಮೇಲಿನವರಿಗೆ ನಾನು ಕಣ್ಣುಮುಚ್ಚಿ ಆರಿಸುವುದು ಮೂರನೆಯದನ್ನು. ಕುತೂಹಲ, ತಿರುವು, ಬರೆದವರ ದನಿ ಇವೆಲ್ಲ ಮೂಲದಲ್ಲೇ ಇರುತ್ತವೆ. ಎಐ ಮೆಟ್ಟಿಲು ಕಟ್ಟಿಕೊಟ್ಟರೆ ಸಾಕು. (ಮೂಲ ಬರಹ ಹಕ್ಕುಸ್ವಾಮ್ಯದ ಅವಧಿ ಮುಗಿದದ್ದೋ ನಮ್ಮದೇ ಆದದ್ದೋ ಆಗಿರಲಿ.) ಆದರೆ ಬರೀ ‘ಸರಳಗೊಳಿಸು’ ಎಂದರೆ ಅದು ಉದ್ದ ವಾಕ್ಯಗಳನ್ನು ಕತ್ತರಿಸಿ ಹಾಕುತ್ತದೆ. ‘ಏಕೆಂದರೆ’, ‘ಆದರೂ’, ‘ಅಷ್ಟರಲ್ಲಿ’ ಎಂಬ ಕೊಂಡಿಗಳು ಮಾಯವಾಗಿ ವಾಕ್ಯಗಳು ಬಿಡಿಬಿಡಿಯಾಗುತ್ತವೆ. ಪದಗಳೆಲ್ಲ ಗೊತ್ತಿದ್ದರೂ ಏನಾಯಿತು, ಏಕಾಯಿತು ಎಂಬುದು ಓದುವವರಿಗೆ ಹೊಳೆಯುವುದಿಲ್ಲ. ಅದಕ್ಕೆ ನನ್ನ ಸೂಚನೆ ಹೀಗಿರುತ್ತದೆ: ಕೊಂಡಿಪದಗಳನ್ನು ತೆಗೆಯಬೇಡ, ಕಥೆಗೆ ಮುಖ್ಯವಾದ ಕಠಿಣ ಪದವನ್ನು ಹಾಗೆಯೇ ಉಳಿಸಿ ಮುಂದಿನ ವಾಕ್ಯದಲ್ಲಿ ಅರ್ಥ ಬಿಡಿಸು, ಸಂಭಾಷಣೆಯನ್ನು ಮುಟ್ಟಬೇಡ. ಫಲಿತಾಂಶ ಮೂಲಕ್ಕಿಂತ ಉದ್ದವಾಗುತ್ತದೆ. ಆಗಲಿ, ಚಿಕ್ಕದಾದ ಮಾತ್ರಕ್ಕೆ ಪಠ್ಯ ಸುಲಭವಾಗುವುದಿಲ್ಲ.

ಈ ವಿಧಾನದಲ್ಲಿ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಲೇಬೇಕು. ಸರಳಗೊಳಿಸುವ ಭರದಲ್ಲಿ ‘ಬಹುಶಃ’ ಇದ್ದದ್ದು ‘ಖಂಡಿತ’ವಾಗಿರಬಹುದು. ಸಮಯ ಹಿಡಿಯುತ್ತದೆ, ಆದರೂ ಮೊದಲ ವಿಧಾನದ ಸಪ್ಪೆ ಕಥೆಯನ್ನು ರಿಪೇರಿ ಮಾಡುವ ಸಮಯಕ್ಕಿಂತ ಕಡಿಮೆ.

ಪಾಠದ ಕೊನೆಯ ಪ್ರಶ್ನೆಗಳ ವಿಷಯದಲ್ಲಿ ಮೂರೂ ವಿಧಾನಗಳು ಸೋಲುತ್ತವೆ. ಎಐ ಬರೆಯುವ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರವೇ ಹೆಚ್ಚಾಗಿ ಎಲ್ಲಕ್ಕಿಂತ ಉದ್ದವಾಗಿರುತ್ತದೆ. ಪಾಠ ಓದದ ಒಬ್ಬರಿಗೆ ಬರೀ ಪ್ರಶ್ನೆಗಳನ್ನು ಕೊಟ್ಟು ನೋಡಿ. ಅವರು ಸರಿಯಾಗಿ ಉತ್ತರಿಸಿದ ಪ್ರಶ್ನೆಗಳನ್ನು ತೆಗೆದು ನೀವೇ ಹೊಸದಾಗಿ ಬರೆಯಿರಿ.