ಹಳೇ ಕಪ್ಪು ಪೈಪಿಗೆ ಕಂಪ್ರೆಷನ್ ಕಪ್ಲಿಂಗ್: ಎಲ್ಲಿ ಕೂರುತ್ತೆ, ಎಲ್ಲಿ ಕೂರಲ್ಲ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ತೋಟಕ್ಕೆ ಬೋರ್‌ವೆಲ್‌ನಿಂದ ಎಳೆದ ಹಳೇ ಕಪ್ಪು ಪೈಪು ಒಡೆದರೆ, ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ಒಳಗೊಂದು ತುಂಡು ಪೈಪು ತೂರಿಸಿ, ಮೇಲೆ ಟ್ಯೂಬು ಸುತ್ತಿ ಕಟ್ಟುಕಂಬಿ ಬಿಗಿಯುವವರು ಇನ್ನೂ ಇದ್ದಾರೆ. ಇದರಿಂದ ಒಳದಾರಿ ಕಿರಿದಾಗುತ್ತದೆ, ಮೋಟಾರು ಓಡಿದಾಗಲೆಲ್ಲ ನೀರು ಜಿನುಗುತ್ತದೆ. ಅದರ ಬದಲು ನಟ್ಟು ಬಿಗಿದು ಪೈಪು ಜೋಡಿಸುವ ಪಿ.ಪಿ. (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಕಂಪ್ರೆಷನ್ ಕಪ್ಲಿಂಗ್ ಹಾಕುವುದೇ ಸರಿ. ಇದರ ಬೆಲೆ ಪಿವಿಸಿ ಕಪ್ಲಿಂಗಿಗಿಂತ ಹಲವು ಪಟ್ಟು ಹೆಚ್ಚು, ಆದರೂ ಎಚ್‌ಡಿಪಿಇ, ಅಂದರೆ ಈ ಕಪ್ಪು ಪಾಲಿಥೀನ್ ಪೈಪಿಗೆ ಹಾಕಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗಡಸು ನೀರಿನಿಂದ ಪೈಪಿನೊಳಗೆ ಸುಣ್ಣ ಕಟ್ಟಿದ್ದರೂ ತೊಂದರೆಯಾಗದು, ಏಕೆಂದರೆ ಇದು ಹಿಡಿಯುವುದು ಹೊರಮೈಯನ್ನು.

ಅಂಗಡಿಗೆ ಹೋಗುವ ಮುಂಚೆ ಪೈಪು ಯಾವುದೆಂದು ಗೊತ್ತಿರಬೇಕು. ಮೇಲಿನ ಅಕ್ಷರ ಅಳಿಯದೆ ಉಳಿದಿದ್ದರೆ ಕೆಲಸ ಸುಲಭ: ಐಎಸ್ 4984 ಅಂದರೆ ಎಚ್‌ಡಿಪಿಇ, ಐಎಸ್ 4985 ಅಂದರೆ ಪಿವಿಸಿ, ಐಎಸ್ 15778 ಅಂದರೆ ಬಿಸಿನೀರಿಗೂ ಆಗುವ ಸಿಪಿವಿಸಿ. ಅಳಿಸಿಹೋಗಿದ್ದರೆ ಅಂಚಿನಿಂದ ಒಂದು ಚೂರು ಕೆತ್ತಿ ಲೋಟದ ನೀರಿಗೆ ಹಾಕಿ ಅದುಮಿ ಬಿಡಿ. ಎಚ್‌ಡಿಪಿಇ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಸುಟ್ಟು ನೋಡುವ ಅಭ್ಯಾಸ ಬೇಡ. ಪಿವಿಸಿ ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಹಳೇ ಬೂದು ಪೈಪಿನಲ್ಲಿ ಸೀಸವೂ ಇರಬಹುದು. ಪಿವಿಸಿ ಪೈಪಿನಲ್ಲಿ ಸೀಸದ ಬಳಕೆಗೆ ಕೇಂದ್ರ ಸರ್ಕಾರ ಕಡಿವಾಣ ಹಾಕಿದ್ದು 2021ರ ನಿಯಮಗಳಿಂದ. ಗರಗಸದ ಪುಡಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಅಂಗಡಿಯಲ್ಲಿ ‘ಎರಡಿಂಚು’ ಎಂದರೆ ತೋಟದ ಕಪ್ಪು ಅಥವಾ ಬೂದು ಪೈಪಿಗೆ ಹೊರಸುತ್ತಿನ ವ್ಯಾಸ 63 ಮಿ.ಮೀ., ಮನೆಯ ಬಿಳಿ ಶೆಡ್ಯೂಲ್ 40 ಪೈಪಿಗೆ 60.3 ಮಿ.ಮೀ. ‘ಒಂದಿಂಚು’ ಎಂದರೆ ಒಂದರಲ್ಲಿ 32, ಇನ್ನೊಂದರಲ್ಲಿ 33.4. ಕಂಪ್ರೆಷನ್ ಕಪ್ಲಿಂಗ್ ಬರುವುದು 20, 25, 32, 40, 50, 63ರ ಲೆಕ್ಕದಲ್ಲಿ. ಹಾಗಾಗಿ 32ರದ್ದು ಬಿಳಿ ಒಂದಿಂಚಿಗೆ ತೂರುವುದೇ ಇಲ್ಲ, 63ರದ್ದು ಬಿಳಿ ಎರಡಿಂಚಿಗೆ ಸಡಿಲ. ವರ್ನಿಯರ್ ಇಲ್ಲದಿದ್ದರೆ ಪೈಪಿಗೆ ಒಂದು ಸುತ್ತು ದಾರ ಸುತ್ತಿ ಅಳೆಯಿರಿ: 198 ಮಿ.ಮೀ. ಬಂದರೆ 63ರ ಪೈಪು, 189 ಬಂದರೆ ಬಿಳಿ ಎರಡಿಂಚು.

ಕಪ್ಲಿಂಗಿನ ಒಳಗೆ ರಬ್ಬರಿನ ಓ-ರಿಂಗ್, ಅದನ್ನು ಒತ್ತುವ ಬುಷ್, ಪೈಪನ್ನು ಕಚ್ಚುವ ಸೀಳಿದ ಗ್ರಿಪ್ ರಿಂಗ್, ಹೊರಗೆ ನಟ್ಟು ಇರುತ್ತವೆ. ನಟ್ಟನ್ನು ಪೂರ್ತಿ ಬಿಚ್ಚಬೇಡಿ, ಮೂರ್ನಾಲ್ಕು ಸುತ್ತು ಸಡಿಲಿಸಿದರೆ ಸಾಕು. ಬಿಚ್ಚಿ ಗ್ರಿಪ್ ರಿಂಗನ್ನು ತಿರುಗುಮುರುಗು ಕೂರಿಸಿದರೆ ಪೈಪು ನಿಲ್ಲುವುದಿಲ್ಲ. ಪೈಪನ್ನು ನೇರವಾಗಿ ಕತ್ತರಿಸಿ, ಹೊರ ಅಂಚನ್ನು ಚಾಕುವಿನಿಂದ ಓರೆಯಾಗಿ ಹೆರೆಯಿರಿ. ಚೂಪಾಗಿಯೇ ಬಿಟ್ಟರೆ ಅದು ಓ-ರಿಂಗನ್ನು ಕೊಯ್ಯುತ್ತದೆ. ಎಷ್ಟು ಒಳಹೋಗಬೇಕೋ ಅಲ್ಲಿಗೆ ಗುರುತು ಹಾಕಿ, ತುದಿಗೆ ಸೋಪುನೀರು ಹಚ್ಚಿ. ಎಂಜಿನ್ ಆಯಿಲ್, ಗ್ರೀಸು ಹಚ್ಚಬೇಡಿ, ರಬ್ಬರು ಹಾಳಾಗುತ್ತದೆ.

ತೂರಿಸುವಾಗ ಎರಡು ಕಡೆ ತಡೆ ಸಿಗುತ್ತದೆ. ಮೊದಲನೆಯದು ಓ-ರಿಂಗು, ಅಲ್ಲಿಗೇ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಕಡಿಮೆ ಪ್ರೆಷರಿನಲ್ಲಿ ಒಂದು ಹನಿಯೂ ಸೋರದೆ, ಮುಂದೆ ಯಾವುದೋ ಗೇಟ್‌ವಾಲ್ವ್ ಮುಚ್ಚಿದ ದಿನ ಪೈಪು ಕಿತ್ತುಕೊಂಡು ಬರುತ್ತದೆ. ಎರಡನೇ ತಡೆ ಸಿಕ್ಕಿ ಗುರುತು ಮುಟ್ಟುವವರೆಗೂ ತಿರುಗಿಸುತ್ತ ಒತ್ತಿ. ಚಿಕ್ಕ ಸೈಜಿಗೆ ಕೈಬಿಗಿಯ ಮೇಲೆ ಸ್ವಲ್ಪ ಬಿಗಿದರೆ ಸಾಕು, 63ಕ್ಕೆ ಪಟ್ಟಿ ಸುತ್ತಿ ತಿರುಗಿಸುವ ಸ್ಟ್ರಾಪ್ ವ್ರೆಂಚ್ ಬೇಕೇ ಬೇಕು. ಉದ್ದಕ್ಕೆ ಗೀರು ಬಿದ್ದಿರುವ ಅಥವಾ ಸುರುಳಿಯಲ್ಲಿದ್ದು ಮೊಟ್ಟೆಯಾಕಾರಕ್ಕೆ ತಿರುಗಿದ ತುದಿ ಎಷ್ಟು ಬಿಗಿದರೂ ಸೋರುತ್ತದೆ. ಅಷ್ಟು ಭಾಗ ಕತ್ತರಿಸಿ ಬಿಡಿ.

ನಡುವೆ ಒಡೆದ ಲೈನಿಗೆ ಒಂದು ಕಪ್ಲಿಂಗ್ ಸಾಲದು. ಕೆಟ್ಟದ್ದನ್ನು ತೆಗೆದು ಹೊಸ ತುಂಡು, ಎರಡು ಕಪ್ಲಿಂಗ್ ಹಾಕಬೇಕು. ಪೈಪನ್ನು ಬಾಗಿಸಿ ತೂರಿಸಲು ಎರಡೂ ಕಡೆ ಉದ್ದಕ್ಕೆ ಮಣ್ಣು ಬಿಡಿಸಿಕೊಳ್ಳಿ.

ತೆಳು ಗೋಡೆಯ ಹಳೇ ಬೂದು ಪಿವಿಸಿಗೆ ಇದನ್ನು ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ. ಬಿಸಿಲಿಗೆ ಪೆಡಸಾದ ಪೈಪು ಗ್ರಿಪ್ ರಿಂಗಿನ ಬಿಗಿಗೆ ಬಿರುಕು ಬಿಡಬಹುದು. ಅದಕ್ಕೆ ಮರಳುಕಾಗದ ಉಜ್ಜಿ, ಪೂರ್ತಿ ಒಣಗಿಸಿ, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು) ಹಾಕುವುದೇ ದಾರಿ. ಆದರೆ ಆ ಸಿಮೆಂಟು ಎಚ್‌ಡಿಪಿಇಗೆ ಅಂಟುವುದಿಲ್ಲ. ಎರಡೂ ಬಗೆಯ ಪೈಪು ಸೇರುವ ಕಡೆ ಪಿವಿಸಿಗೆ ಎಂಟಿಎ (ಹೊರಗೆ ತಿರುಪು ಇರುವ ಅಡಾಪ್ಟರ್), ಕಂಪ್ರೆಷನ್ ಕಡೆಗೆ ಸ್ಟೀಲ್ ರಿಂಗ್ ಇರುವ ಎಫ್‌ಟಿಎ (ಒಳಗೆ ತಿರುಪು ಇರುವುದು), ನಡುವೆ ಟೆಫ್ಲಾನ್ ಟೇಪು.

ಸೋಲಾರ್, ಗೀಸರ್‌ನ ಬಿಸಿನೀರಿನ ಲೈನಿಗೆ ಕಂಪ್ರೆಷನ್ ಕಪ್ಲಿಂಗ್ ಸಲ್ಲದು. ಬೋರಿನೊಳಗೆ ಇಳಿಸುವ ಪೈಪಿಗಂತೂ ಬೇಡವೇ ಬೇಡ: 1000 ಅಡಿ ನೀರೆತ್ತಲು ಕೆಳಗೆ ಚದರ ಸೆಂ.ಮೀ.ಗೆ ಸುಮಾರು 30 ಕೆ.ಜಿ. ಪ್ರೆಷರ್, ಮೇಲೆ ಮೋಟಾರಿನ ಭಾರ. ಪಿಎನ್ 10 ಎಂದಿರುವ ಕಪ್ಲಿಂಗಿನ ಮಿತಿ ಸುಮಾರು 10 ಕೆ.ಜಿ. ಅದನ್ನು ಕಪ್ಲಿಂಗಿನ ಮೈಮೇಲೆ ಓದಿಕೊಂಡೇ ಕೊಳ್ಳಿ. ಗುಂಡಿ ಮುಚ್ಚುವ ಮುಂಚೆ ಅರ್ಧ ಗಂಟೆ ಮೋಟಾರು ಓಡಿಸಿ, ಜಾಯಿಂಟನ್ನು ಒಣಬಟ್ಟೆಯಿಂದ ಒರೆಸಿ ನೋಡಿ. ಆಮೇಲೆ ಕಲ್ಲಿಲ್ಲದ ಮಣ್ಣು ಎಳೆಯಿರಿ.