ರೈಲ್ವೆ ಗೈಡಾ, ದ್ವೀಪವಾ? ಮೊದಲು ಯಾವುದನ್ನು ಓದೋದು?

ಅಗಾಥಾ ಕ್ರಿಸ್ಟಿಯ ಸರಣಿ ಕೊಲೆಯ ಕಾದಂಬರಿಗಳಲ್ಲಿ ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ ನಾನು ಎರಡು ಹೆಸರು ಹೇಳುತ್ತೇನೆ. 1936ರ 'ದಿ ಎಬಿಸಿ ಮರ್ಡರ್ಸ್' ಮತ್ತು 1939ರ 'ಆ್ಯಂಡ್ ದೆನ್ ದೇರ್ ವರ್ ನನ್'.

ಮೊದಲನೆಯದರಲ್ಲಿ ಕೊಲೆಗಾರ ಪತ್ತೇದಾರ ಪೊಯ್ರೊಗೆ ಮೊದಲೇ ಕಾಗದ ಬರೆಯುತ್ತಾನೆ: ಇಂಥ ಊರು, ಇಂಥ ದಿನ. ಆ್ಯಂಡೋವರ್‌ನಲ್ಲಿ ಆ್ಯಷರ್ ಎಂಬ ಮುದುಕಿ, ಬೆಕ್ಸ್‌ಹಿಲ್‌ನಲ್ಲಿ ಬಾರ್ನಾರ್ಡ್ ಎಂಬ ಹುಡುಗಿ. ಎ, ಬಿ ಅಂತ ಇಂಗ್ಲಿಷ್ ಅಕ್ಷರಮಾಲೆ ಹಿಡಿದುಕೊಂಡೇ ಹೊರಟಿದ್ದಾನೆ! ಆ ಮುದುಕಿಯ ಪುಟ್ಟ ತಂಬಾಕಿನ ಅಂಗಡಿಯ ಕೌಂಟರ್ ಮೇಲೆ 'ಎಬಿಸಿ' ಎಂಬ ರೈಲ್ವೆ ಗೈಡ್, ಅಂದರೆ ರೈಲಿನ ವೇಳಾಪಟ್ಟಿಯ ಪುಸ್ತಕ, ತೆರೆದು ಬೋರಲು ಬಿದ್ದಿರುತ್ತದೆ. ಅಷ್ಟೇ. ರಕ್ತಕ್ಕಿಂತ ಆ ಪುಸ್ತಕವೇ ಜಾಸ್ತಿ ಹೆದರಿಸುತ್ತದೆ. ಪೊಯ್ರೊನ ಗೆಳೆಯ ಹೇಸ್ಟಿಂಗ್ಸ್ ಕಥೆ ಹೇಳುತ್ತಿರುವಾಗ ನಡುನಡುವೆ ಕಸ್ಟ್ ಎಂಬ ಸಪ್ಪೆ ಮನುಷ್ಯನ ಅಧ್ಯಾಯಗಳು ನುಸುಳುತ್ತವೆ. ಕಾಲುಚೀಲ ಮಾರುವವನು, ಪಾಪ. ಇವನೇನಾ ಅಂತ ತಲೆ ಕೆಡುತ್ತದೆ. ನಾನಂತೂ ಪೂರಾ ಮೋಸಹೋದೆ.

ಎರಡನೆಯದರಲ್ಲಿ ಪೊಯ್ರೊನೇ ಇಲ್ಲ. ಇಂಗ್ಲೆಂಡಿನ ಡೆವನ್ ತೀರದಾಚೆಯ ದ್ವೀಪ, ಹತ್ತು ಜನ, ಒಂದು ಮಕ್ಕಳ ಪದ್ಯ. ಆ ಪದ್ಯದಲ್ಲಿರುವಂತೆಯೇ ಒಬ್ಬೊಬ್ಬರು ಸತ್ತಾಗಲೂ ಊಟದ ಮೇಜಿನ ಮೇಲಿನ ಪಿಂಗಾಣಿ ಗೊಂಬೆಗಳಲ್ಲಿ ಒಂದು ಕಮ್ಮಿ. ರಾತ್ರಿ ಒಬ್ಬರೇ ಇದ್ದಾಗ ಓದಬೇಡಿ.

ಸುಳಿವು ಹಿಡಿದು ಪೊಯ್ರೊ ಜೊತೆ ತಲೆ ಓಡಿಸುವ ಆಸೆ ಇದ್ದರೆ ರೈಲ್ವೆ ಗೈಡ್ ಹಿಡಿಯಿರಿ. ಸುಮ್ನೆ ನಡುಗಬೇಕು ಅಂದರೆ ದ್ವೀಪ. ನನಗೆ ಮೊದಲನೆಯದೇ ಇಷ್ಟ. ಯಾಕೆ ಅಂತ ಹೇಳಹೊರಟರೆ ಗುಟ್ಟು ಬಿಟ್ಟುಕೊಟ್ಟಂತೆ ಆಗುತ್ತದೆ, ಅಲ್ವಾ?